ಸುಲ್ತಾನಸಾಬರು ಥಂಡ ಮಾಡಿದ ಗಂಟು

ಸೆಮಿಸ್ಟರ್ ಮುಗಿದು ಇವತ್ತಿಗೆ ನಾಲ್ಕು ದಿನ. ನಾನು ಪ್ರಾಂಶುಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೇನೆ. ಅವರು ಬರುವುದು ಹತ್ತೂವರೆಗೆ. ಈಗ ಹತ್ತಕ್ಕೆ ಐದು ನಿಮಿಷ ಕಡಿಮೆ. ಕೈಯಲ್ಲಿ ಒಂದು ಅರ್ಜಿ ಇದೆ. ಅಂಗೈ ಬೆವರಿ ಅದರ ಮೂಲೆ ಆಗಲೇ ಮೆತ್ತಗಾಗಿದೆ. ಅಯ್ಯ, ನಾನು ಇಷ್ಟು ಪುಕ್ಕಲಿ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ.

ಪಂಚಶೀಲಾ ಮೇಡಂ ಎಂದರೆ ಈ ಕಾಲೇಜಿನಲ್ಲಿ ಬಾಯಿಗೆ ಹೆಸರಾದವಳು. ನೀರಿನ ಟಾಕಿ ತೊಳೆಸಲಿಲ್ಲ ಎಂದು ಕ್ಲರ್ಕಿನ ಟೇಬಲ್ ಬಡಿದವಳು ನಾನು. ಶಹಾಪುರದಿಂದ ಯಾದಗಿರಿಗೆ ದಿನಾ ಬರುವ ಬಸ್ಸಿನಲ್ಲಿ ಹೆಂಗಸರ ಸೀಟಿನ ಮೇಲೆ ಆರಾಮಾಗಿ ಕಾಲು ಚಾಚಿದ ಗಂಡಸರನ್ನು ಎಬ್ಬಿಸುವವಳೂ ನಾನೇ. ‘ಈ ಹುಡುಗಿಗೆ ಸಿಟ್ಟು ಮೂಗಿನ ಮ್ಯಾಲ’ ಎಂದು ನಮ್ಮವ್ವ ಬಂದವರಿಗೆಲ್ಲ ಹೇಳುತ್ತಾಳೆ. ಹುಡುಗಿಗೆ ಈಗ ಮೂವತ್ತನಾಲ್ಕು. ಆದರೆ ಸೆಮಿಸ್ಟರ್ ಮುಗಿಯುವ ವಾರ ಬಂತೆಂದರೆ ಈ ಬಾಯಿ ಎಲ್ಲಿ ಅಡಗಿ ಕೂರುತ್ತದೋ ಗೊತ್ತಿಲ್ಲ.

ನಾನು ಗೆಸ್ಟ್ ಲೆಕ್ಚರರ್. ಆರು ವರ್ಷದಿಂದ ಕನ್ನಡ ಹೇಳಿಕೊಡುತ್ತೇನೆ. ಮಕ್ಕಳಿಗೆ ಸೆಮಿಸ್ಟರ್ ಮುಗಿದರೆ ಹಬ್ಬ, ನಮಗೆ ಆ ಸಂಜೆ ಬಿಡುಗಡೆಯ ಕಾಗದ ಕೈಗೆ ಬರುತ್ತದೆ. ಮುಂದಿನ ಸೆಮಿಸ್ಟರಿಗೆ ಪ್ರಾಂಶುಪಾಲರು ಹೆಸರು ಕಳಿಸಿ ಮತ್ತೆ ಆರ್ಡರ್ ಬಂದರೆ ಬಂತು, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಹಾಗಿಲ್ಲ. ಹೀಗೆ ಹತ್ತು ಹನ್ನೆರಡು ಸಲ ಕೆಲಸ ಕಳೆದುಕೊಂಡು ಮತ್ತೆ ಸಿಕ್ಕಿಸಿಕೊಂಡಿದ್ದೇನೆ. ಇಷ್ಟು ಸಲವಾದರೂ ರೂಢಿಯಾಗುವುದೇ ಇಲ್ಲ.

ನನ್ನ ಕಥೆ ಸಾಕು. ಹೇಳಬೇಕಾದದ್ದು ಸುಲ್ತಾನಸಾಬರದು.

ಹತ್ತಿಕುಣಿಯ ಸುಲ್ತಾನಸಾಬರು ನಮ್ಮ ಕಾಲೇಜಿನ ಅಟೆಂಡರ್ ಆಗಿದ್ದರು. ಈ ಕಟ್ಟಡ ಏಳುವಾಗ ಕಲ್ಲು ಹೊರಲು ಬಂದವರು. ಸಿಮೆಂಟ್ ಚೀಲ ಕಾಯಿ ಎಂದು ಗುತ್ತಿಗೆದಾರ ಅವರನ್ನು ಕೂರಿಸಿದ. ಕಟ್ಟಡ ಮುಗಿಯಿತು, ಗುತ್ತಿಗೆದಾರ ಹೋದ. ಇವರಿಗೆ ಹೋಗು ಎಂದು ಯಾರೂ ಹೇಳಲಿಲ್ಲ. ಕೇಳಲು ಇವರಿಗೆ ಅಂಜಿಕೆ. ಖಾಲಿ ಚೀಲಗಳನ್ನೇ ಮೂರು ತಿಂಗಳು ಕಾದರಂತೆ. ಕೊನೆಗೆ ಅಂದಿನ ಪ್ರಾಂಶುಪಾಲರು ನೋಡಿ, ಕಾಲೇಜಿನ ಸಮಿತಿಯಿಂದ ತಿಂಗಳಿಗಿಷ್ಟು ಎಂದು ಗಂಟೆ ಹೊಡೆಯಲು ಇಟ್ಟುಕೊಂಡರು. ಹಾಗೆ ಇಪ್ಪತ್ತೆರಡು ವರ್ಷ. ಖಾಯಂ ಆಗಲಿಲ್ಲ, ಬಿಡಿಸಲೂ ಇಲ್ಲ.

ಅವರಷ್ಟು ಅಂಜುವ ಮನುಷ್ಯರನ್ನು ನಾನು ನೋಡಿಲ್ಲ. ವರಾಂಡದಲ್ಲಿ ತೂಗುಹಾಕಿದ ರೈಲು ಹಳಿಯ ತುಂಡೇ ನಮ್ಮ ಗಂಟೆ. ಅದನ್ನು ಹೊಡೆಯುವ ಮುಂಚೆ ಎದುರು ಬಂದವರನ್ನೆಲ್ಲ ತಡೆದು ಕೇಳುತ್ತಿದ್ದರು.

“ಮೇಡಂ, ಟೈಮ್ ಎಷ್ಟ ಆತ್ರಿ?”

“ನಿಮ್ಮ ಕೈಯಾಗ ಗಡಿಯಾರ ಅದಲ್ರಿ ಕಾಕಾ.”

“ಅದ ಖರೇ ಅದರಿ. ಅದು ಸುಳ್ಳ ಹೇಳಾಕತ್ತಿದ್ರ?”

ಇಡೀ ಕಾಲೇಜು ಅವರನ್ನು ‘ಏ ಸುಲ್ತಾನ’ ಎನ್ನುತ್ತಿತ್ತು. ನಾನು ಕಾಕಾ ಎನ್ನುತ್ತಿದ್ದೆ. ಅಷ್ಟಕ್ಕೇ ಅವರು ನನಗೆ ದಿನಾ ಮೊದಲ ಚಹಾ ತಂದುಕೊಡುತ್ತಿದ್ದರು.

ಒಮ್ಮೆ ಪರೀಕ್ಷೆಯ ಕೋಣೆಯಲ್ಲಿ ಅವರಿಗೆ ಒಂದು ಇಂಕ್ ಪೆನ್ನು ಸಿಕ್ಕಿತು. ಕಳಕೊಂಡವರು ಬಂದಾರು ಎಂದು ಮೂರು ವರ್ಷ ಕಪಾಟಿನಲ್ಲಿಟ್ಟು ಕಾದರು. ಯಾರೂ ಬರಲಿಲ್ಲ. ಮೊಮ್ಮಗಳು ತರನ್ನುಮ ನಮ್ಮಲ್ಲೇ ಬಿ.ಎ.ಗೆ ಸೇರಿದಾಗ ಆ ಪೆನ್ನನ್ನು ತೊಳೆದು, ನೀಲಿ ಶಾಯಿ ತುಂಬಿ, ಅವಳ ಕೈಗೆ ಕೊಟ್ಟರು. ಅವಳ ಉರ್ದು ಅಕ್ಷರವನ್ನು ಉರ್ದು ಕಲಿಸುವ ಇನಾಯತ ಸರ್ ಸ್ಟಾಫ್ ರೂಮಿಗೆ ತಂದು ಎಲ್ಲರಿಗೂ ತೋರಿಸುತ್ತಿದ್ದರು. ಓದಲು ಬಾರದ ನನಗೂ ಅದು ಚಂದ ಕಾಣುತ್ತಿತ್ತು.

ಅವರದು ಇನ್ನೊಂದು ಕೆಲಸವಿತ್ತು, ಯಾರೂ ಹೇಳದೆ ತಾವೇ ವಹಿಸಿಕೊಂಡದ್ದು. ಉರ್ದು ಅಕ್ಷರವಿರುವ ಕಾಗದ ನೆಲದ ಮೇಲೆ ಬಿದ್ದಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ. ಅದರಲ್ಲಿ ದೇವರ ಹೆಸರಿರಬಹುದು, ತುಳಿದರೆ ಪಾಪ. ಎತ್ತಿ, ಕಣ್ಣಿಗೊತ್ತಿಕೊಂಡು, ಗಂಟೆಯ ಹಿಂದಿನ ಮೂಲೆಯ ಚೀಲಕ್ಕೆ ಹಾಕುತ್ತಿದ್ದರು. ಸೆಮಿಸ್ಟರ್ ಮುಗಿದಾಗ ಚೀಲಕ್ಕೆ ಕಲ್ಲು ಕಟ್ಟಿ, ಊರಿಗೆ ಒಯ್ದು, ತಿಮ್ಮಣ್ಣ ಎಂಬವರ ಹೊಲದ ಹಾಳುಬಾವಿಗೆ ಇಳಿಬಿಡುತ್ತಿದ್ದರು. ಅದಕ್ಕೆ ಅವರ ಮನೆಯಲ್ಲಿ ‘ಥಂಡ ಮಾಡೋದು’ ಎನ್ನುತ್ತಾರೆ. ನನಗೆ ಇದು ಹೊಸದೇನಲ್ಲ. ನಮ್ಮ ಮನೆಯಲ್ಲೂ ಬಾಬಾಸಾಹೇಬರ ಫೋಟೋ ಬಂದ ಪೇಪರು ರದ್ದಿಗೆ ಹೋಗುವುದಿಲ್ಲ. ಅವ್ವ ಅದನ್ನು ಕತ್ತರಿಸಿ ಟ್ರಂಕಿನಲ್ಲಿಡುತ್ತಾಳೆ. ಅಂಥ ಮನೆಯಲ್ಲಿ ಬೆಳೆದವಳು ನಾನು, ನನಗೆ ತಿಳಿಯಬೇಕಿತ್ತು.

ಕಳೆದ ಡಿಸೆಂಬರಿನ ಒಂದು ಮಂಗಳವಾರ. ಮೂರನೇ ಸೆಮಿಸ್ಟರಿನ ಇಂಟರ್ನಲ್ ಪರೀಕ್ಷೆಗಳು ಅಂದು ಮುಗಿದವು. ಖಾಯಂ ಇದ್ದವರು ಜಾರಿಕೊಳ್ಳುವ ಕೆಲಸವೆಲ್ಲ ಗೆಸ್ಟ್‌ಗಳ ತಲೆಗೆ ಬರುತ್ತದಲ್ಲ, ಇಂಟರ್ನಲ್ ಉಸ್ತುವಾರಿಯೂ ನನ್ನ ತಲೆಗೇ ಬಂದಿತ್ತು. ಇನಾಯತ ಸರ್ ಸುರಪುರದಲ್ಲಿ ತಂಗಿಯ ಮದುವೆ ಎಂದು ರಜೆ ಹಾಕಿದ್ದರು. ಉರ್ದುವಿನ ಹತ್ತೊಂಬತ್ತು ಉತ್ತರ ಬುಕ್‌ಲೆಟ್‌ಗಳು ಇನ್ನೂ ತಿದ್ದದೆ ನನ್ನ ಕೈಯಲ್ಲಿ ಉಳಿದವು. ಸುತ್ತಲು ದಪ್ಪ ಕಾಗದ ತೀರಿಹೋಗಿತ್ತು. ಸರ್ ಟೇಬಲ್ ಮೇಲೆ ಒಂದು ಉರ್ದು ದಿನಪತ್ರಿಕೆ ಇತ್ತು, ಅದನ್ನೇ ಸುತ್ತಿ ದಾರ ಬಿಗಿದೆ. ಬೀರುವಿನ ಕೀಲಿ ಹುಡುಕಲು ಹೋದೆ. ಹೋಗುವಾಗ ಗಂಟನ್ನು ಸ್ಟಾಫ್ ರೂಮಿನ ಬಾಗಿಲ ಬದಿ ನೆಲದ ಮೇಲೆ ಇಟ್ಟೆ. ಕೀಲಿ ಸಿಗಲಿಲ್ಲ, ನಾಲ್ಕೂವರೆಯ ಬಸ್ಸು ಹೊರಡುವ ಹೊತ್ತಾಯಿತು, ನಾಳೆ ನೋಡಿದರಾಯಿತು ಎಂದು ಓಡಿದೆ.

ಇಟ್ಟವಳು ನಾನು. ಇದನ್ನು ಈಗಲೇ ಹೇಳಿಬಿಡುತ್ತೇನೆ.

ಬುಧವಾರ ಮಧ್ಯಾಹ್ನ ಪ್ರಾಂಶುಪಾಲರು ಕರೆಸಿದರು. “ಮೇಡಂ, ನಾಳೆ ಯುನಿವರ್ಸಿಟಿ ಕಮಿಟಿ ಬರ್ತದ. ಎಲ್ಲಾ ಇಂಟರ್ನಲ್ ಬುಕ್‌ಲೆಟ್ ಎಣಿಸಿ ನೋಡ್ತಾರ. ಒಂದು ಕಮ್ಮಿ ಬಿದ್ರೂ ಆ ಹುಡುಗರು ಗೈರಹಾಜರ್ ಅಂತ ಬರಕೊಂಡು ಹೋಗ್ತಾರ.” ಗೈರುಹಾಜರಿ ಎಂದರೆ ಇಂಟರ್ನಲ್ ಸೊನ್ನೆ. ಸೊನ್ನೆ ಎಂದರೆ ಇಡೀ ಸೆಮಿಸ್ಟರಿನ ಫಲಿತಾಂಶ ತಡೆ. “ಎಲ್ಲಾ ಅದಾವ್ರಿ ಸರ್” ಎಂದು ಧೈರ್ಯವಾಗಿ ಹೇಳಿ ಬಂದೆ.

ಬಂದು ನೋಡಿದರೆ ಬಾಗಿಲ ಬದಿ ಗಂಟಿಲ್ಲ.

ಬೀರು, ಟೇಬಲ್ ಕೆಳಗೆ, ಕಸದ ಬುಟ್ಟಿ, ಉರ್ದು ವಿಭಾಗ, ಎಲ್ಲ ಹುಡುಕಿದೆ. ಕ್ಲರ್ಕ್ ಅತೀಕನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ, ಪಾಪ ಅವನು ತನ್ನ ಊಟದ ಡಬ್ಬಿಯನ್ನೂ ತೆರೆದು ತೋರಿಸಿದ. ಹತ್ತೊಂಬತ್ತು ಮಕ್ಕಳು. ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬರತೊಡಗಿತು. ಕೊನೆಗೆ ವರಾಂಡಕ್ಕೆ ಬಂದೆ. ಸುಲ್ತಾನಸಾಬರು ಗಂಟೆಯ ಕೆಳಗೆ ನಿಂತು ಗಡಿಯಾರವನ್ನು ಕಿವಿಗಿಟ್ಟುಕೊಂಡಿದ್ದರು.

“ಕಾಕಾ, ನಿನ್ನೆ ಬಾಗಲ ಬಾಜೂಕ ಒಂದು ಗಂಟ ಇತ್ತು. ನೋಡೀರೇನ್ರಿ?”

“ಉರ್ದು ಅಖಬಾರ ಸುತ್ತಿದ್ದೇನ್ರಿ?”

“ಹೌದ್ರಿ! ಎಲ್ಲದ?”

ಅವರ ಮುಖ ಅರಳಿತು. “ಚಿಂತಿ ಮಾಡಬ್ಯಾಡ್ರಿ ಮೇಡಂ. ನೆಲದ ಮ್ಯಾಲ ಬಿದ್ದಿತ್ತು, ಮಂದಿ ದಾಟಿ ಹೋಗಾಕತ್ತಿದ್ರು. ನಾನ ಎತ್ತಿ ಚೀಲದಾಗ ಹಾಕೀನಿ. ಹೆಂಗೂ ಸೆಮಿಸ್ಟರ್ ಮುಗೀತು ಅಂತ ನಿನ್ನೆ ಸಂಜೀಗೇ ಒಯ್ದು ಥಂಡ ಮಾಡೀನಿ.”

ಅವರು ನಗುತ್ತಲೇ ಇದ್ದರು.

“ಕಾಕಾ, ಅದ್ರಾಗ ಮಕ್ಕಳ ಬುಕ್‌ಲೆಟ್ ಇದ್ವು. ನಾಳೆ ಕಮಿಟಿ ಬರ್ತದ.”

ನಗು ಹಾಗೇ ಮುಖದಲ್ಲಿ ಒಣಗಿತು. ಮೆಟ್ಟಿಲ ಮೇಲೆ ಕುಸಿದು ಕೂತರು. “ಯಾ ಅಲ್ಲಾ... ಬಿಚ್ಚಿ ನೋಡ್ಲಿಲ್ರಿ ನಾನು. ನಮ್ಮ ತರನ್ನುಮಂದೂ ಇತ್ತೇನ್ರಿ ಅದ್ರಾಗ?”

“ಅಕಿದೂ ಇತ್ತು.”

ಆ ದಿನ ಮೂರು ಗಂಟೆಯ ಪೀರಿಯಡ್ಡಿಗೆ ಗಂಟೆ ಹೊಡೆಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ನಾವಿಬ್ಬರೂ ಟಂಟಂ ಆಟೋ ಹತ್ತಿ ಹತ್ತಿಕುಣಿಯ ದಾರಿ ಹಿಡಿದಿದ್ದೆವು. ದಾರಿಯುದ್ದಕ್ಕೂ ಹತ್ತಿ ಒಡೆದು ಹೊಲಗಳು ಬೆಳ್ಳಗಿದ್ದವು. ಸುಲ್ತಾನಸಾಬರು ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ಏನೋ ಗುನುಗುತ್ತಿದ್ದರು. ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ: ನಾಳೆ ಕಮಿಟಿ, ಹೊಸ ಸೆಮಿಸ್ಟರಿನ ಹೆಸರು ಕಳಿಸುವುದು ಬರುವ ವಾರ. ಮಕ್ಕಳ ಚಿಂತೆಗಿಂತ ನನ್ನ ಚಿಂತೆ ಮುಂದೆ ಓಡುತ್ತಿತ್ತು. ನಾಚಿಕೆಯಾದರೂ ಹೇಳುತ್ತೇನೆ, ಹಾಗೇ ಇತ್ತು.

ತಿಮ್ಮಣ್ಣನವರು ಬಾವಿಯ ಕಟ್ಟೆಗೆ ಬಂದು ಒಳಗೆ ಬಗ್ಗಿ ನೋಡಿದರು. ಎರಡಾಳು ನೀರು, ಮೇಲೆ ಹಸಿರು ಪಾಚಿ. ಅವರ ಹೆಂಡತಿ ಕರೆಮ್ಮ ಹತ್ತಿ ಬಿಡಿಸುವುದನ್ನು ಬಿಟ್ಟು ಮನೆಯಿಂದ ಪಾತಾಳಗರಡಿ ತಂದರು. ಬಾವಿಗೆ ಬಿದ್ದ ಕೊಡ ತೆಗೆಯುವ ಆ ಕೊಕ್ಕೆಗಳ ಗೊಂಚಲನ್ನು ತಿಮ್ಮಣ್ಣ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಸುಲ್ತಾನಸಾಬರು ಬೆನ್ನು ತಿರುಗಿಸಿ ನಿಂತರು.

“ಥಂಡ ಮಾಡಿದ್ದನ್ನ ಮ್ಯಾಲ ಎತ್ತಬಾರದ್ರಿ ಮೇಡಂ. ಭಾಳ ದೊಡ್ಡ ಗುನ್ಹೇ ಅದು.”

“ಮಕ್ಕಳದು ಕಾಕಾ. ದೇವರು ನೋಡ್ತಾನ, ಅವಗ ತಿಳೀತದ.” ಹೀಗೆ ಹೇಳಲು ನಾನು ಯಾರು? ಆದರೂ ಹೇಳಿದೆ.

ಮೊದಲ ಸಲ ಕೊಕ್ಕೆಗೆ ಸಿಕ್ಕಿ ಬಂದದ್ದು ಒಂದು ಹಳೆಯ ಚೀಲ. ಮೇಲೆ ಬರುತ್ತಲೇ ಹರಿದು, ಒಳಗಿಂದ ಅಂಬಲಿಯಂಥ ಬಿಳಿ ಮುದ್ದೆ ನೀರಿಗೆ ಸುರಿಯಿತು. ಅದೂ ಒಂದು ಕಾಲಕ್ಕೆ ಕಾಗದವಾಗಿತ್ತು. ಒಂದೇ ದಿನಕ್ಕೆ ನಮ್ಮದೂ ಹೀಗೇ ಆಗಿದ್ದರೆ? ಎರಡನೇ ಸಲ ಬರೀ ಪಾಚಿ. ಮೂರನೇ ಸಲ ತಿಮ್ಮಣ್ಣ ‘ಭಾರ ಅದ, ಭಾರ ಅದ, ಸುಮ್ಮನಿರ್ರಿ’ ಎಂದು ನಿಧಾನಕ್ಕೆ ಎಳೆದರು. ಹೊಸ ಚೀಲ. ಬಿಚ್ಚಿದರೆ ನಾನು ಬಿಗಿದ ದಾರ ಬಿಗಿದ ಹಾಗೇ ಇತ್ತು.

ಬಾವಿಯ ಪಕ್ಕದ ಅವರ ಮನೆಯಂಗಳದ ಫರಸಿ ಕಲ್ಲು ದಿನದ ಬಿಸಿಲಿಗೆ ಕಾದು ಬೆಚ್ಚಗಿತ್ತು. ಅದರ ಮೇಲೆ ಒಂದೊಂದೇ ಬುಕ್‌ಲೆಟ್ ಬಿಡಿಸಿ ಹರಡತೊಡಗಿದೆವು. ಮೊದಲನೆಯದರ ಮೇಲಿನ ಹಾಳೆ ಎತ್ತಿದೆ. ಕಾಗದ ನೆನೆದು ಸೊಟ್ಟಗಾಗಿತ್ತು, ಆದರೆ ಬರಹ ಹಾಗೇ ಇತ್ತು! ಎರಡನೆಯದೂ ಹಾಗೇ. ಮೂರನೆಯದೂ. ನನಗೆ ಅಳುವೇ ಬಂತು.

“ಕಾಕಾ, ನೋಡ್ರಿ ಇಲ್ಲಿ! ಬಾಲ್ ಪೆನ್ನು! ಇದು ನೀರಿಗೆ ಹೋಗಂಗಿಲ್ಲ. ಇಂಕ್ ಪೆನ್ನಾಗಿದ್ರ ಎಲ್ಲಾ ತೊಳಕೊಂಡು ಹೋಗಿರ್ತಿತ್ತು.”

ಅವರು ಮುಂದಿನ ಬುಕ್‌ಲೆಟ್ ಕೈಗೆತ್ತಿಕೊಂಡರು. ಆಗಷ್ಟೇ ನನಗೆ ನೆನಪಾಯಿತು, ಕಪಾಟಿನಲ್ಲಿ ಮೂರು ವರ್ಷ ಕಾದ ಆ ಪೆನ್ನು. ಅವರಿಗೆ ನನಗಿಂತ ಮುಂಚೆಯೇ ನೆನಪಾಗಿತ್ತು. ತಲೆ ತಗ್ಗಿಸಿ ಹಾಳೆ ಬಿಡಿಸುತ್ತಲೇ ಇದ್ದರು. ಈಗ ಅವರ ಕೈ ನಿಧಾನವಾಗಿತ್ತು. ಹನ್ನೆರಡು. ಹದಿಮೂರು. ಅಷ್ಟರಲ್ಲಿ ಸುದ್ದಿ ತಿಳಿದು ತರನ್ನುಮಳೇ ಬಂದು ಅಂಗಳದ ಅಂಚಿಗೆ ನಿಂತಳು. ಹದಿನೇಳು. ಹದಿನೆಂಟು.

ಹತ್ತೊಂಬತ್ತನೆಯದು ನೀಲಿ. ಮೊದಲ ಪುಟದಿಂದ ಕೊನೆಯವರೆಗೆ ತಿಳಿ ನೀಲಿ, ಒಂದು ಅಕ್ಷರವಿಲ್ಲ. ಸುಲ್ತಾನಸಾಬರು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಮೊಮ್ಮಗಳ ಕಡೆ ನೋಡಿದರು. ಇಷ್ಟು ವರ್ಷ ಅವರು ಅಂಜುವುದನ್ನು ನೋಡಿ ನಕ್ಕಿದ್ದೇನೆ. ಆ ಮುಖವನ್ನು ನೋಡಿದ ಮೇಲೆ ಮತ್ತೆ ನಗಲಿಲ್ಲ.

ನನ್ನ ತಲೆ ಓಡಿತು. “ನನ್ನ ಬ್ಯಾಗಿನಾಗ ಖಾಲಿ ಬುಕ್‌ಲೆಟ್ ಅದ. ತರನ್ನುಮ, ಇಲ್ಲೇ ಕುಂತು ಬರದ ಬಿಡು. ಅವೇ ಪ್ರಶ್ನಿ. ಯಾರಿಗ ಗೊತ್ತಾಗ್ತದ?”

ಅವಳು ಸಣ್ಣ ದನಿಯಲ್ಲಿ ಹೇಳಿದಳು: “ಉಳದ ಹದಿನೆಂಟೂ ನೀರಾಗ ಬಿದ್ದು ಸೊಟ್ಟ ಆಗ್ಯಾವ್ರಿ ಮೇಡಂ. ನಂದೊಂದ ಗರಿಗರಿ ಇದ್ರ ಕೇಳಂಗಿಲ್ಲೇನ್ರಿ?”

ಇಪ್ಪತ್ತು ವರ್ಷದ ಹುಡುಗಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಮುಚ್ಚಿಡುವ ದಾರಿಯೇ ಇರಲಿಲ್ಲ. ನಡೆದದ್ದನ್ನು ಬರೆದುಕೊಡಬೇಕು, ಕಮಿಟಿ ಒಪ್ಪಿದರೆ ಅವಳಿಗೆ ಮರುಪರೀಕ್ಷೆ. ಬರೆದುಕೊಟ್ಟರೆ ತಪ್ಪು ಮಾಡಿದವರ ಕೆಲಸ ಹೋಗುತ್ತದೆ. ಇದು ಮೂವರಿಗೂ ಗೊತ್ತಿತ್ತು.

“ಮೇಡಂ, ನೀವ ಬರೀರಿ. ನನಗ ಕನ್ನಡ ಬರಿಯಾಕ ಬರಂಗಿಲ್ಲ. ನಾ ಹೇಳ್ತೀನಿ” ಎಂದರು ಸುಲ್ತಾನಸಾಬರು.

ತರನ್ನುಮಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು ಬಾವಿಕಟ್ಟೆಯ ಮೇಲೆ ಕೂತು ಬರೆದೆ. ‘ನಾನು ಬುಕ್‌ಲೆಟ್ ಎಂದು ತಿಳಿಯದೆ ಒಯ್ದಿರುತ್ತೇನೆ.’ ಆಮೇಲೆ ನಾನೇ ಕೇಳಿದೆ: “ನೆಲದ ಮ್ಯಾಲ ಇಟ್ಟದ್ದು ನಾನು ಅಂತ ಬರೀಬೇಕಲ್ರಿ ಕಾಕಾ?”

“ಬ್ಯಾಡ್ರಿ. ನಿಮ್ಮ ಹೆಸರ ಅದ್ರಾಗ ಬರಬಾರದು. ನಿಮಗ ಆರ್ಡರ್ ಬರಬೇಕು. ನಂದೇನ್ರಿ, ಅರವತ್ತು ದಾಟೀನಿ.”

ಹಾಗೆ ಬೇಡ ಎಂದು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಬಾಯಿ ಇದೆ ಎಂದು ಹೆಸರಾದವಳು ಪೆನ್ನು ಎತ್ತಿ ‘ಇಂತಿ ತಮ್ಮ ವಿಧೇಯ’ ಎಂದು ಬರೆದು ಮುಗಿಸಿದೆ. ಅವರು ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದರು. ತರನ್ನುಮ ಪಕ್ಕದಲ್ಲೇ ನಿಂತು ಎಲ್ಲ ಕೇಳುತ್ತಿದ್ದಳು.

ಗುರುವಾರ ಬೆಳಿಗ್ಗೆ ಪ್ರಾಂಶುಪಾಲರು ಅರ್ಜಿ ಓದಿದರು. ಕಮಿಟಿಯವರು ಇಬ್ಬರು ಪಕ್ಕದಲ್ಲಿ ಕೂತಿದ್ದರು. ಸೊಟ್ಟಗಾದ ಹದಿನೆಂಟು ಬುಕ್‌ಲೆಟ್ ಮತ್ತು ಒಂದು ನೀಲಿ ಬುಕ್‌ಲೆಟ್ ಮೇಜಿನ ಮೇಲಿದ್ದವು.

“ಬೀರುನಾಗ ಇರಬೇಕಾದ ಗಂಟು ನೆಲಕ್ಕ ಹೆಂಗ ಬಂತು?” ಎಂದು ಪ್ರಾಂಶುಪಾಲರು ಕೇಳಿದರು. ಕೇಳಿದ್ದು ನನ್ನನ್ನೋ ಅವರನ್ನೋ ಗೊತ್ತಿಲ್ಲ. ನಾನು ಬುಕ್‌ಲೆಟ್‌ಗಳ ಅಂಚು ಸರಿಮಾಡುತ್ತ ನಿಂತೆ.

“ನನ್ನ ಕೈಯಿಂದ ಜಾರಿ ಬಿತ್ರಿ ಸಾಹೇಬ್ರ” ಎಂದರು ಸುಲ್ತಾನಸಾಬರು. ಗಡಿಯಾರ ಸುಳ್ಳು ಹೇಳೀತೆಂದು ಅಂಜುತ್ತಿದ್ದವರು.

ಕಮಿಟಿ ಹದಿನೆಂಟನ್ನು ಒಪ್ಪಿತು. ತರನ್ನುಮ ಮರುಪರೀಕ್ಷೆ ಬರೆದಳು, ಬಾಲ್ ಪೆನ್ನಿನಲ್ಲಿ. ಪಾಸಾದಳು. ಬರುವ ಸೆಮಿಸ್ಟರಿನಿಂದ ಬರುವುದು ಬೇಡ ಎಂದು ಸುಲ್ತಾನಸಾಬರಿಗೆ ಹೇಳಿ ಕಳಿಸಿದರು. ಅವರು ರೈಲು ಹಳಿಯ ಗಂಟೆಯ ಸುತ್ತಿಗೆಯನ್ನು ಒರೆಸಿ ಅತೀಕನ ಕೈಗೆ ಕೊಟ್ಟು ಹೋದರಂತೆ. ನನಗೆ ಹತ್ತು ದಿನದಲ್ಲಿ ಆರ್ಡರ್ ಬಂತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಬಾಯಿಗೆ ಹಾಕಿಕೊಂಡದ್ದನ್ನು ಹಿತ್ತಲಿಗೆ ಹೋಗಿ ಉಗಿದೆ.

ಈ ಸೆಮಿಸ್ಟರ್ ಹೇಗೆ ಕಳೆಯಿತೋ. ಈಗ ಕರೆಂಟಿನ ಗಂಟೆ ಬಂದಿದೆ, ತಾನಾಗಿ ಕಿರ್ರೆನ್ನುತ್ತದೆ. ಪ್ರತಿ ಸಲವೂ ಬೆಚ್ಚಿಬೀಳುತ್ತೇನೆ. ಉರ್ದು ಕಾಗದಗಳು ವರಾಂಡದಲ್ಲಿ ಕಾಲಡಿ ಹಾರಾಡತೊಡಗಿದವು. ಒಂದು ದಿನ ತಡೆಯಲಾರದೆ ನಾನೇ ಒಂದನ್ನು ಎತ್ತಿದೆ. ಮರುದಿನ ಇನ್ನೊಂದು. ಮೂಲೆಯಲ್ಲಿ ಒಂದು ಚೀಲ ಇಟ್ಟೆ. ನೋಡಿದವರು ನಕ್ಕರು, ನಗಲಿ ಬಿಡಿ. ತರನ್ನುಮ ಮಾತ್ರ ನಗಲಿಲ್ಲ. ತಾನೂ ಹಾಕುತ್ತಿದ್ದಳು. ನನ್ನ ಜೊತೆ ಬೇಕಾದಷ್ಟೇ ಮಾತು.

ಮಾರ್ಚಿನಲ್ಲಿ ಒಂದು ಅರ್ಜಿ ಬರೆದೆ. ಗಂಟನ್ನು ನೆಲದ ಮೇಲೆ ಇಟ್ಟವಳು ನಾನು, ಸುಲ್ತಾನಸಾಬರನ್ನು ಮರಳಿ ಕರೆಯಬೇಕು ಎಂದು. ನಾಲ್ಕೇ ಸಾಲು. ಬ್ಯಾಗಿನಲ್ಲಿ ಅದು ತಿಂಗಳುಗಟ್ಟಲೆ ಓಡಾಡಿತು. ಸೆಮಿಸ್ಟರಿನ ಕೊನೆಯ ದಿನ ಅದನ್ನು ಕೈಯಲ್ಲಿ ಹಿಡಿದು ಇದೇ ಬೆಂಚಿನವರೆಗೆ ಬಂದೆ, ಇನ್ನೊಂದು ಕೈಯಲ್ಲಿ ಆ ಕಾಗದದ ಚೀಲ. ಪ್ರಾಂಶುಪಾಲರು ಹೊರಬಂದು “ಏನ್ರಿ ಮೇಡಂ? ಮುಂದಿನ ಸೆಮಿಸ್ಟರಿಗೆ ನಿಮ್ಮ ಹೆಸರ ಕಳಿಸಬೇಕು, ನೆನಪದ ನನಗ” ಎಂದರು. “ಥ್ಯಾಂಕ್ಸ್ ರಿ ಸರ್, ಏನಿಲ್ರಿ” ಎಂದೆ. ಅರ್ಜಿಯನ್ನು ಚೀಲಕ್ಕೆ ತುರುಕಿದೆ. ಆಮೇಲೆ ಮರೆತೆ ಎಂದರೆ ಸುಳ್ಳಾಗುತ್ತದೆ. ಹೋದರೆ ಹೋಗಲಿ, ಎಲ್ಲದರ ಜೊತೆ ಅದೂ ಬಾವಿ ಸೇರಲಿ ಎಂದು ಒಳಗೊಳಗೇ ಅಂದುಕೊಂಡಿದ್ದೆ.

ನಿನ್ನೆ ಚೀಲ ಹೊತ್ತು ಹತ್ತಿಕುಣಿಗೆ ಹೋದೆ. ಮಳೆ ಬಿದ್ದು ಹೊಲಗಳಲ್ಲಿ ಹತ್ತಿ ಬೀಜ ಊರುತ್ತಿದ್ದರು. ಸುಲ್ತಾನಸಾಬರು ಮನೆಯ ಮುಂದೆ ಕೂತಿದ್ದರು, ತೀರ ಸಣ್ಣಗಾಗಿದ್ದರು. ನನ್ನನ್ನು ನೋಡಿ ಗಡಬಡಿಸಿ ಎದ್ದರು.

“ಬರ್ರಿ ಮೇಡಂ, ಬರ್ರಿ. ಆರ್ಡರ್ ಬಂತೇನ್ರಿ ಈ ಸಲದ್ದು?”

ಬಂದವಳನ್ನು ಅವರು ಮೊದಲು ಕೇಳಿದ್ದು ಇದನ್ನೇ.

“ಇನ್ನೂ ಇಲ್ರಿ ಕಾಕಾ. ನಾಳೆ ಹೆಸರ ಕಳಸ್ತಾರ.”

“ಬರ್ತದ, ಬರ್ತದ. ದಿನಾ ದುವಾ ಮಾಡ್ತೀನ್ರಿ ನಾನು.”

ಚೀಲ ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಎಲ್ಲವನ್ನೂ ಚಾಪೆಯ ಮೇಲೆ ಸುರಿದು ಒಂದೊಂದೇ ಹಾಳೆ ಬಿಡಿಸಿ ನೋಡತೊಡಗಿದರು. “ಈಗ ಬಿಚ್ಚಿ ನೋಡದ ಹಾಕಂಗಿಲ್ರಿ ಮೇಡಂ” ಎಂದು ನಕ್ಕರು. ನನಗೆ ಎದ್ದು ಓಡಿಹೋಗೋಣ ಎನ್ನಿಸಿತು. ನಾಲ್ಕು ಮಡಿಕೆಯ ಬಿಳಿ ಕಾಗದ ಅವರ ಕೈಗೆ ಬಂತು. ಬಿಡಿಸಿದರು. ಕನ್ನಡ. “ತರನ್ನುಮ, ಏ ಕ್ಯಾ ಹೈ ದೇಖ್” ಎಂದು ಒಳಗೆ ಕೂಗಿದರು, ಇದೇನು ನೋಡು ಎಂದು.

ತರನ್ನುಮ ಬಾಗಿಲಲ್ಲಿ ನಿಂತು ಓದಿದಳು. ನಾಲ್ಕು ಸಾಲಿಗೆ ಎಷ್ಟು ಹೊತ್ತು ಬೇಕು? ಅವಳು ಬಹಳ ಹೊತ್ತು ತೆಗೆದುಕೊಂಡಳು. ಅಜ್ಜ ಮುಖ ಎತ್ತಿ ಕಾಯುತ್ತಿದ್ದರು.

“ಏ ಥಂಡಾ ಕರನೇಕಾ ನೈ, ನಾನಾ” ಎಂದಳು. ಇದು ಥಂಡ ಮಾಡುವಂಥದ್ದಲ್ಲ ಎಂದು. “ಮೇಡಂದು. ಕಾಲೇಜಿಗಿ ಕೊಡೋದು.”

ನನ್ನ ಹತ್ತಿರ ಬಂದು ಕಾಗದವನ್ನು ಕೈಗೆ ಕೊಟ್ಟಳು. ಸಿಟ್ಟಿಲ್ಲ, ನಗುವಿಲ್ಲ.

“ತಾರೀಖ ಹಾಕಿಲ್ರಿ ಮೇಡಂ.”

ಹೌದು, ಹಾಕಿರಲಿಲ್ಲ. ಮಾರ್ಚಿನಲ್ಲಿ ಬರೆದಾಗಲೂ ಹಾಕಿರಲಿಲ್ಲ. ಕೊಡುವ ಮನಸ್ಸಿದ್ದವರು ತಾರೀಖು ಹಾಕುತ್ತಾರೆ. ಅವಳು ತನ್ನ ಬಾಲ್ ಪೆನ್ನು ಚಾಚಿದಳು. ನಾನು ತೆಗೆದುಕೊಂಡೆ. ಸುಲ್ತಾನಸಾಬರು ನನ್ನ ಮುಖ, ಅವಳ ಮುಖ ನೋಡುತ್ತ, “ಏನಾರ ತಪ್ಪ ಆತೇನ್ರಿ ನಂದು?” ಎಂದು ಅಂಜುತ್ತ ಕೇಳಿದರು.

“ಇಲ್ರಿ ಕಾಕಾ. ನಿಮ್ಮದಲ್ಲ” ಎಂದೆ. ಮೊಣಕಾಲ ಮೇಲೆ ಕಾಗದ ಇಟ್ಟು, ಕೊಡುವ ದಿನದ್ದು ಎಂದು ಇವತ್ತಿನ ತಾರೀಖು ಹಾಕಿದೆ.

ಆ ತಾರೀಖು ಈಗ ನನ್ನ ಕೈಯಲ್ಲಿದೆ. ಹೆದರಿಕೆ ಹೋಗಿಲ್ಲ, ಒಂದಿಷ್ಟೂ ಹೋಗಿಲ್ಲ. ಅವ್ವನಿಗೆ ಏನು ಹೇಳಲಿ ಎಂದು ಬಸ್ಸಿನಲ್ಲಿ ಬರುವಾಗಿಂದ ಯೋಚಿಸುತ್ತಿದ್ದೇನೆ. ಗೇಟಿನಲ್ಲಿ ಪ್ರಾಂಶುಪಾಲರ ಗಾಡಿ ನಿಂತ ಸದ್ದಾಯಿತು. ಅವರು ವರಾಂಡ ದಾಟಿ ಬಂದು, “ಏನ್ರಿ ಮೇಡಂ, ಇಷ್ಟ ಲಗೂ ಬಂದೀರಿ?” ಎಂದರು.

“ಒಂದು ಅರ್ಜಿ ಕೊಡೋದಿತ್ರಿ ಸರ್” ಎಂದು ಎದ್ದು ನಿಂತೆ.